ಹಳೆಯ ಸ್ಕೀ ಬೋಟ್ ಕೊಳ್ಳುವ ಮುನ್ನ ನೀರಿನ ಜಾಡು ಹಿಡಿಯಿರಿ

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆಯ ಊರುಗಳಲ್ಲಿ ಮನೆಯೆದುರಿನ ಹುಲ್ಲುಹಾಸಿಗೆ ದೋಣಿಗಳು ಬಂದು ನಿಲ್ಲುತ್ತವೆ. ಟ್ರೇಲರಿನ ಮೇಲೆ ಕೂತ ದೋಣಿ, ಅದರ ಗಾಜಿಗೆ ಅಂಟಿಸಿದ ‘ಮಾರಾಟಕ್ಕಿದೆ’ ಚೀಟಿ, ಕೆಳಗೊಂದು ಫೋನ್ ನಂಬರು. ಸರೋವರ ಹೆಪ್ಪುಗಟ್ಟುವ ಮೊದಲೇ ಮಾರಿಬಿಟ್ಟರೆ ಚಳಿಗಾಲದ ಶೆಡ್ ಬಾಡಿಗೆ ಉಳಿಯಿತು ಎಂಬ ಲೆಕ್ಕ ಮಾರುವವನದು. ಬೇಸಿಗೆಯಲ್ಲಿ ಹೇಳಿದ ಬೆಲೆಗಿಂತ ಈಗ ಇಳಿದೇ ಇಳಿಯುತ್ತಾನೆ ಎಂಬ ಆಸೆ ಕೊಳ್ಳುವವನದು. ಎರಡೂ ಲೆಕ್ಕ ಸರಿಯೇ. ಆದರೆ ಈ ಹೊತ್ತಿನಲ್ಲಿ ಅವಸರಪಟ್ಟು ಕೊಂಡ ದೋಣಿಗೆ ನಿಜವಾಗಿ ಎಷ್ಟು ಬೆಲೆ ತೆತ್ತೆವು ಎಂಬುದು ಮುಂದಿನ ಮೇ ತಿಂಗಳಲ್ಲಿ ಅದು ನೀರಿಗಿಳಿದ ಮೇಲೆಯೇ ಗೊತ್ತಾಗುವುದು.

ನೀರಿನ ಮೇಲೆ ಸ್ಕೀ ಮಾಡುವವರನ್ನು ಎಳೆಯುವ ಹೊಸ ಸ್ಕೀ ಬೋಟಿನ ಬೆಲೆ ಈಗ ಒಂದು ಲಕ್ಷ ಡಾಲರ್ ದಾಟಿದೆ. ಹಾಗಾಗಿ ಈ ಆಟದ ರುಚಿ ಹತ್ತಿದ ಸಾಮಾನ್ಯ ಸಂಬಳದ ಮನೆಗಳವರು ಇಪ್ಪತ್ತು, ಮೂವತ್ತು ವರ್ಷ ಹಳೆಯ ದೋಣಿಗಳತ್ತಲೇ ಕಣ್ಣು ಹಾಯಿಸುತ್ತಾರೆ. ಕೆಲಸದ ಮೇಲೆ ಹೋಗಿ ಆ ಸರೋವರಗಳ ನಾಡಿನಲ್ಲಿ ಮನೆ ಮಾಡಿದ ಕನ್ನಡಿಗನಿಗೆ ಈ ವ್ಯಾಪಾರ ತುಸು ಗೊಂದಲದ್ದು. ಸೆಕೆಂಡ್ ಹ್ಯಾಂಡ್ ಕಾರು, ಸ್ಕೂಟರು ನೋಡಿ ಪಳಗಿದ ಕಣ್ಣು ಹೊಗೆ, ಟಯರು, ಬಣ್ಣ, ಓಡಿದ ಕಿಲೋಮೀಟರು ಇಷ್ಟನ್ನೇ ಹುಡುಕುತ್ತದೆ. ದೋಣಿಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಬೇರೆ: ನೀರು ಹೋಗಬಾರದ ಜಾಗಗಳಿಗೆ ಹೋಗಿದೆಯೇ? ನೆಲದಡಿಯ ಮರದೊಳಕ್ಕೆ, ಫೋಮಿನೊಳಕ್ಕೆ, ಎಂಜಿನ್ನಿನ ಎಣ್ಣೆಯೊಳಕ್ಕೆ, ಹೆಪ್ಪುಗಟ್ಟುವ ರಾತ್ರಿಯಲ್ಲಿ ಬ್ಲಾಕಿನೊಳಕ್ಕೆ? ಹಳೆಯ ಸ್ಕೀ ಬೋಟಿನ ತಪಾಸಣೆ ಎಂದರೆ ಮೊದಲಿನಿಂದ ಕೊನೆಯವರೆಗೂ ಈ ನೀರಿನ ಜಾಡು ಹಿಡಿದು ಹೋಗುವ ಕೆಲಸ.

ಎಳೆಯುವುದಕ್ಕೆಂದೇ ಹುಟ್ಟಿದ ದೋಣಿ

ನೀರಿನ ಮೇಲೆ ಸ್ಕೀ ಮಾಡಬಹುದೆಂದು ಮೊದಲು ತೋರಿಸಿದವನು ಮಿನ್ನೆಸೋಟದ ಹುಡುಗ ರಾಲ್ಫ್ ಸ್ಯಾಮ್ಯುಯೆಲ್ಸನ್. 1922ರ ಬೇಸಿಗೆಯಲ್ಲಿ, ಮಿಸಿಸಿಪ್ಪಿ ನದಿ ಅಗಲಗೊಂಡು ಸರೋವರವೇ ಆದಂತಿರುವ ಲೇಕ್ ಪೆಪಿನ್‌ನಲ್ಲಿ, ಅಣ್ಣ ನಡೆಸುತ್ತಿದ್ದ ದೋಣಿಯ ಹಿಂದೆ ಹಗ್ಗ ಹಿಡಿದು ಆತ ಎದ್ದು ನಿಂತ. ಎರಡು ಹಲಗೆಗಳ ತುದಿಯನ್ನು ಬಿಸಿನೀರಿನಲ್ಲಿ ನೆನೆಸಿ ಮೇಲಕ್ಕೆ ಬಾಗಿಸಿದ್ದೇ ಅವನ ಸ್ಕೀ. ಆಗ ಎಳೆಯಲು ಕೈಗೆ ಸಿಕ್ಕ ದೋಣಿಯೇ ಸಾಕಿತ್ತು. ಆಟ ಸ್ಪರ್ಧೆಯಾಗಿ ಬೆಳೆದಂತೆ ಅದು ಸಾಲದಾಯಿತು.

ಇಂದಿನ ಸ್ಲಾಲಮ್ ಸ್ಪರ್ಧೆಯ ಹಾದಿ 259 ಮೀಟರ್ ಉದ್ದ. ದೋಣಿ ನಟ್ಟನಡುವೆ ನೇರವಾಗಿ ಸಾಗಬೇಕು. ಅದರ ಹಿಂದೆ ಸ್ಕೀ ಮಾಡುವವರು ಎಡಕ್ಕೂ ಬಲಕ್ಕೂ ತೂಗಿ, ನಡುಗೆರೆಯಿಂದ 11.5 ಮೀಟರ್ ದೂರದ ಆರು ತೇಲುಗುಂಡುಗಳನ್ನು ಸುತ್ತಬೇಕು. ಪುರುಷರ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್, ಮಹಿಳೆಯರದು 55. ಒಂದು ಸುತ್ತು ಗೆದ್ದ ಮೇಲೆ ಹಗ್ಗವನ್ನು ಗಿಡ್ಡ ಮಾಡುತ್ತ ಹೋಗುತ್ತಾರೆ. 10.25 ಮೀಟರಿಗೆ ಬಂದಾಗ ಹಗ್ಗ ಗುಂಡಿನವರೆಗೆ ಮುಟ್ಟುವುದೇ ಇಲ್ಲ, ಉಳಿದ ಅಂತರವನ್ನು ಮೈ ಚಾಚಿ ತುಂಬಿಕೊಳ್ಳಬೇಕು. ಆ ಎಳೆತಕ್ಕೆ ಹಗುರ ದೋಣಿಯ ಹಿಂಬದಿಯೇ ಪಕ್ಕಕ್ಕೆ ಜಾರುತ್ತದೆ. ಜೊತೆಗೆ ದೋಣಿ ಹಿಂದೆ ಬಿಟ್ಟು ಹೋಗುವ ಅಲೆ ಎತ್ತರವಾಗಿದ್ದರೆ ಅದನ್ನು ದಾಟುವಾಗ ಸ್ಕೀ ಎಡವುತ್ತದೆ.

ಈ ಎರಡು ತೊಂದರೆಗಳಿಗೆ ಪರಿಹಾರವಾಗಿ ಬೆಳೆದದ್ದೇ ಸ್ಕೀ ಬೋಟಿನ ವಿನ್ಯಾಸ. ಎಂಜಿನ್ ದೋಣಿಯ ಮಧ್ಯದಲ್ಲಿ, ಅದರ ಮುಂದೆ ಹಗ್ಗ ಕಟ್ಟುವ ಪೈಲನ್ ಕಂಬ, ಅಡಿಯಲ್ಲಿ ನೇರ ಸಾಗಲು ಸಣ್ಣ ರೆಕ್ಕೆಗಳು, ಪ್ರೊಪೆಲರ್ ಹಿಂಬದಿಗೆ ಚಾಚಿಕೊಳ್ಳದೆ ಒಡಲಿನ ಕೆಳಗೆ. ಫ್ಲಾರಿಡಾದ ಕರೆಕ್ಟ್ ಕ್ರಾಫ್ಟ್ ಕಂಪನಿಯ ಸ್ಕೀ ನಾಟಿಕ್ 1961ರಲ್ಲಿ ಫೈಬರ್‌ಗ್ಲಾಸ್‌ನಲ್ಲಿ ಬಂತು. 1968ರಲ್ಲಿ ಟೆನೆಸ್ಸಿಯಲ್ಲಿ ಮಾಸ್ಟರ್‌ಕ್ರಾಫ್ಟ್, 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಲಿಬು ಹುಟ್ಟಿದವು. ಹಳೆಯ ದೋಣಿಗಳ ಮಾರುಕಟ್ಟೆಯಲ್ಲಿ ಇಂದಿಗೂ ಹೆಚ್ಚು ಕೇಳಿಬರುವ ಹೆಸರುಗಳು ಈ ಮೂರರವೇ.

ನೋಡಲು ಹೊರಡುವ ಮುನ್ನ ಒಂದು ವಿಷಯ ತೀರ್ಮಾನವಾಗಬೇಕು. ಎಂಜಿನ್ ನಡುವೆ ಇದ್ದು ಶಾಫ್ಟ್ ನೇರವಾಗಿ ಅಡಿಯಿಂದ ಹೊರಡುವುದು ಡೈರೆಕ್ಟ್ ಡ್ರೈವ್. ಎಂಜಿನ್ ಹಿಂಬದಿಯಲ್ಲಿ ತಿರುಗಿ ಕೂತು, ಶಾಫ್ಟ್ ಗೇರ್‌ಪೆಟ್ಟಿಗೆಯಲ್ಲಿ ಮಡಚಿ ಬರುವುದು ವಿ–ಡ್ರೈವ್. ಮೊದಲನೆಯದರ ಅಲೆ ಚಿಕ್ಕದು, ಮೃದು. ಅದು ಸ್ಲಾಲಮ್ಮಿಗೆ ಹೇಳಿ ಮಾಡಿಸಿದ್ದು. ಎರಡನೆಯದರ ಹಿಂಭಾರದಿಂದ ಎತ್ತರದ ಅಲೆ ಏಳುತ್ತದೆ, ವೇಕ್‌ಬೋರ್ಡ್ ಮಾಡುವವರಿಗೆ ಅದೇ ಬೇಕು. ಮಾರುವವರು ಎರಡನ್ನೂ ‘ಸ್ಕೀ ಬೋಟ್’ ಎಂದೇ ಬರೆಯುತ್ತಾರೆ. ನಿಮ್ಮ ಮನೆಯವರು ಆಡುವ ಆಟ ಯಾವುದೆಂದು ಗೊತ್ತಿಲ್ಲದೆ ಹೋದರೆ ಒಳ್ಳೆಯ ದೋಣಿಯೂ ತಪ್ಪು ದೋಣಿಯಾಗುತ್ತದೆ.

ನೆಲದಡಿಯ ಹುಳುಕು

‘ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು’ ಎಂಬ ಗಾದೆ ಹಳೆಯ ಸ್ಕೀ ಬೋಟಿನ ಮಟ್ಟಿಗೆ ಅಕ್ಷರಶಃ ನಿಜವಾಗಬಹುದು. ಎಪ್ಪತ್ತು, ಎಂಬತ್ತರ ದಶಕಗಳ ಅನೇಕ ದೋಣಿಗಳಲ್ಲಿ ಒಡಲಿಗೆ ಬಿಗಿ ಕೊಡುವ ಉದ್ದನೆಯ ತೊಲೆಗಳು, ಅಂದರೆ ಸ್ಟ್ರಿಂಗರ್‌ಗಳು, ಮರದವು. ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಎಂಜಿನ್ ಕೂರುವುದು ಇವುಗಳ ಮೇಲೆ, ಪೈಲನ್ನಿನ ಎಳೆತ ಕೊನೆಗೆ ಬಂದು ತಲುಪುವುದೂ ಇಲ್ಲಿಗೇ. ಮೊಳೆ ಹೊಡೆದ ತೂತಿನಿಂದಲೋ ಹೊದಿಕೆಯ ಸಣ್ಣ ಬಿರುಕಿನಿಂದಲೋ ನೀರು ಒಳಹೊಕ್ಕರೆ ಅದಕ್ಕೆ ಹೊರದಾರಿ ಇಲ್ಲ. ಮರ ಒಳಗೊಳಗೇ ಕೊಳೆಯುತ್ತದೆ, ಹೊರಗಿನ ಫೈಬರ್‌ಗ್ಲಾಸ್ ಮಾತ್ರ ಗಟ್ಟಿಯಾಗಿಯೇ ಕಾಣುತ್ತದೆ. ತೊಂಬತ್ತರ ದಶಕದಲ್ಲಿ ಒಬ್ಬೊಬ್ಬರಾಗಿ ತಯಾರಕರು ಮರವನ್ನು ಕೈಬಿಟ್ಟರು. ಕರೆಕ್ಟ್ ಕ್ರಾಫ್ಟ್ ಬಿಟ್ಟದ್ದು 1993ರ ಸುಮಾರಿಗೆ. ಅದಕ್ಕೂ ಹಿಂದಿನ ದೋಣಿಯಾದರೆ ಮೊದಲ ಅರ್ಧ ಗಂಟೆ ನೆಲದ ಮೇಲೆ ಮಂಡಿಯೂರಿ ಕಳೆಯಬೇಕು.

ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ನಡೆಯಿರಿ. ಎಲ್ಲಾದರೂ ನೆಲ ಜಗ್ಗಿದರೆ ಅಲ್ಲೇ ನಿಲ್ಲಿ. ಎಂಜಿನ್ ಮುಚ್ಚಳ ತೆಗೆದು ಸ್ಟ್ರಿಂಗರ್ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಕಿವಿ ಪಳಗಿಲ್ಲದವರೂ ಎರಡರ ವ್ಯತ್ಯಾಸ ಗುರುತಿಸಬಲ್ಲರು. ಅದಕ್ಕಿಂತ ನಂಬಲರ್ಹವಾದ ಸಾಕ್ಷಿ ಎಂಜಿನ್ನನ್ನು ಮರಕ್ಕೆ ಬಿಗಿದ ದಪ್ಪ ತಿರುಪುಗಳು. ಮಾಲೀಕನ ಒಪ್ಪಿಗೆ ಪಡೆದು ಸ್ಪ್ಯಾನರ್ ಹಾಕಿ ಬಿಗಿಮಾಡಿ ನೋಡಿ. ತಿರುಪು ಹಿಡಿದು ನಿಂತರೆ ಸಮಾಧಾನ. ಎಷ್ಟು ತಿರುಗಿಸಿದರೂ ಹಿಡಿಯದೆ ಸುಮ್ಮನೆ ಸುತ್ತುತ್ತಿದ್ದರೆ ಅದರ ಸುತ್ತ ಮರವೆಂಬುದು ಉಳಿದಿಲ್ಲ. ಸ್ಟ್ರಿಂಗರ್ ಬದಲಿಸಬೇಕಾದರೆ ಎಂಜಿನ್ ಎತ್ತಿ, ನೆಲ ಕತ್ತರಿಸಿ, ಎಲ್ಲ ಕಿತ್ತು ಕಟ್ಟಬೇಕು. ಕೂಲಿ ಕೊಟ್ಟು ಮಾಡಿಸಿದರೆ ಖರ್ಚು ಹಲವು ಹಳೆಯ ದೋಣಿಗಳ ಬೆಲೆಯನ್ನೇ ಮೀರಿಬಿಡುತ್ತದೆ.

ಮರವಿಲ್ಲದ ದೋಣಿಗೂ ಒಂದು ಗುಟ್ಟಿರುತ್ತದೆ. ತೇಲಲೆಂದು ನೆಲದಡಿಯಲ್ಲಿ ತುಂಬಿದ ಫೋಮ್ ವರ್ಷಗಟ್ಟಲೆ ಒದ್ದೆಯಲ್ಲಿ ಕೂತರೆ ನೀರು ಕುಡಿಯುತ್ತದೆ, ಮತ್ತೆ ಒಣಗುವುದಿಲ್ಲ. ಕಣ್ಣಿಗೆ ಕಾಣದ ಈ ನೀರನ್ನು ಹಿಡಿಯುವ ಸುಲಭ ಉಪಾಯ ತೂಕ. ಹೆದ್ದಾರಿ ಬದಿಯ ಲಾರಿ ತೂಕದ ಕಟ್ಟೆಗೆ ದೋಣಿಯನ್ನು ಟ್ರೇಲರ್ ಸಮೇತ ಒಯ್ದು ತೂಗಿ, ಟ್ರೇಲರಿನ ಮತ್ತು ಟ್ಯಾಂಕಿನಲ್ಲಿರುವ ಪೆಟ್ರೋಲಿನ ತೂಕ ಕಳೆಯಿರಿ. ತೊಂಬತ್ತರ ದಶಕದ ಹತ್ತೊಂಬತ್ತು ಅಡಿಯ ಡೈರೆಕ್ಟ್ ಡ್ರೈವ್ ದೋಣಿಗಳು ಸಾಮಾನ್ಯವಾಗಿ 1,100ರಿಂದ 1,300 ಕೆ.ಜಿ. ತೂಗುತ್ತವೆ. ಆ ಮಾದರಿಯ ಹಳೆಯ ಕ್ಯಾಟಲಾಗಿನಲ್ಲಿ ಬರೆದದ್ದಕ್ಕಿಂತ ಇನ್ನೂರು ಕೆ.ಜಿ. ಹೆಚ್ಚು ಬಂದರೆ ಆ ಇನ್ನೂರು ಕೆ.ಜಿ. ಬಹುಮಟ್ಟಿಗೆ ನೀರೇ. ಭಾರ ಏರಿದಂತೆ ಅಲೆಯೂ ಏರುತ್ತದೆ. ಅಂದರೆ ಯಾವ ಗುಣಕ್ಕೆಂದು ಈ ದೋಣಿಯನ್ನು ಹುಡುಕಿಕೊಂಡು ಬಂದಿರೋ ಆ ಗುಣವೇ ಅದರಲ್ಲಿ ಉಳಿದಿರುವುದಿಲ್ಲ.

ಒಡಲಿನ ಹೊರಮೈ ಇದಕ್ಕೆ ಹೋಲಿಸಿದರೆ ಸರಳ. ಹೊಳಪಿನ ಪದರವಾದ ಜೆಲ್‌ಕೋಟಿನಲ್ಲಿ ಕೂದಲೆಳೆಯ ಗೆರೆಗಳು ಹಳೆಯ ದೋಣಿಯಲ್ಲಿ ಸಹಜ. ಆದರೆ ಒಂದೇ ಬಿಂದುವಿನಿಂದ ಸುತ್ತಲೂ ಹರಡಿದ ಬಿರುಕು ಹೊಡೆತದ ಗುರುತು. ಪೈಲನ್ನಿನ ಬುಡ, ಶಾಫ್ಟನ್ನು ಹಿಡಿದ ಸ್ಟ್ರಟ್, ಅಡಿಯ ರೆಕ್ಕೆಗಳು ಇವುಗಳ ಸುತ್ತ ಬಿರುಕಿದ್ದರೆ ದೋಣಿ ಬಂಡೆಗೋ ಮರಳದಿಣ್ಣೆಗೋ ಬಡಿದಿದೆ, ಇಲ್ಲವೇ ಒಳಗಿನ ಆಧಾರ ಸಡಿಲಗೊಂಡಿದೆ. ಪೈಲನ್ನನ್ನು ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿ. ಅದು ಅಲುಗಲೇಬಾರದು.

ಒಂದು ರಾತ್ರಿಯ ಚಳಿ ಸಾಕು

ನಮ್ಮ ಊರಿನ ಅನುಭವ ಪೂರ್ತಿ ಕೈಕೊಡುವುದು ಎಂಜಿನ್ ವಿಷಯದಲ್ಲಿ. ಹಳೆಯ ಸ್ಕೀ ಬೋಟಿನ ಎಂಜಿನ್ ಬಹುಮಟ್ಟಿಗೆ ಅಮೆರಿಕದ ಕಾರಿನದೇ: ಜನರಲ್ ಮೋಟರ್ಸಿನ 5.7 ಲೀಟರಿನ ವಿ–8 ಅಥವಾ ಫೋರ್ಡಿನ 5.8 ಲೀಟರಿನ ವಿ–8. ಪಿಸಿಎಂ, ಇಂಡ್‌ಮಾರ್‌ನಂಥ ಕಂಪನಿಗಳು ಅದನ್ನು ಕೊಂಡು ನೀರಿಗೆ ಹೊಂದುವಂತೆ ಮಾರ್ಪಡಿಸುತ್ತವೆ. ಕಾರಿನಲ್ಲಿ ರೇಡಿಯೇಟರ್ ಮಾಡುವ ಕೆಲಸವನ್ನು ಇಲ್ಲಿ ಸರೋವರವೇ ಮಾಡುತ್ತದೆ. ಪಂಪು ಕೆಳಗಿನಿಂದ ನೀರೆಳೆದು ಬ್ಲಾಕಿನೊಳಗೆ ಹರಿಸಿ ಎಕ್ಸಾಸ್ಟಿನ ಮೂಲಕ ಹೊರಚೆಲ್ಲುತ್ತದೆ.

ದೋಣಿ ನೀರಿನಿಂದ ಮೇಲೆ ಬಂದ ಮೇಲೂ ಬ್ಲಾಕಿನೊಳಗೆ ಸರೋವರದ ನೀರು ಉಳಿದಿರುತ್ತದೆ. ನೀರು ಮಂಜುಗಡ್ಡೆಯಾದಾಗ ಗಾತ್ರದಲ್ಲಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಬಿರಿಯುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಬ್ಲಾಕಿನ ಎರಡೂ ಬದಿಯ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿರಡೆಗಳನ್ನು ತೆಗೆದು ನೀರು ಬಸಿಯುವುದು ಉತ್ತರದವರಿಗೆ ಹಬ್ಬದಷ್ಟೇ ತಪ್ಪದ ಕೆಲಸ. ಹಾಗೆಂದು ದಕ್ಷಿಣದ ದೋಣಿಯೇ ಕ್ಷೇಮ ಎಂದುಕೊಳ್ಳುವ ಹಾಗಿಲ್ಲ. ಬಸಿಯುವ ಅಭ್ಯಾಸವೇ ಇಲ್ಲದ ಕಡೆ ಚಳಿ ಒಮ್ಮೆ ದಾರಿತಪ್ಪಿ ಬಂದರೂ ಸಾಕು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ಸನ್ನು ಹೆಪ್ಪುಗಟ್ಟಿಸಿದ ಹಿಮಗಾಳಿಯ ದಿನಗಳಲ್ಲಿ ಆ ರಾಜ್ಯದಲ್ಲಿದ್ದ ಯಾವುದೇ ದೋಣಿ ನೋಡುವಾಗ, ಆ ವಾರ ಅದು ಎಲ್ಲಿತ್ತು, ಬಸಿದಿದ್ದರೇ ಎಂದು ಕೇಳುವುದು ತೀರಾ ಸಹಜ ಪ್ರಶ್ನೆ.

ಬಿರಿದ ಬ್ಲಾಕನ್ನು ಹುಡುಕುವುದು ಹೇಗೆ? ಟಾರ್ಚು, ಪುಟ್ಟ ಕನ್ನಡಿ ಹಿಡಿದು ಬ್ಲಾಕಿನ ಎರಡೂ ಪಕ್ಕಗಳ ಕೆಳಭಾಗ ನೋಡಿ. ಉದ್ದನೆಯ ತುಕ್ಕಿನ ಗೆರೆ, ಹೊಸ ಬಣ್ಣ ಬಳಿದ ಒಂದೇ ತುಂಡು ಜಾಗ, ಗಟ್ಟಿಯಾದ ಎಪಾಕ್ಸಿ ಅಂಟಿನ ಉಬ್ಬು, ಹೊರಕ್ಕೆ ನೂಕಿಬಂದ ಹಿತ್ತಾಳೆಯ ಕೋರ್ ಪ್ಲಗ್ ಇವೆಲ್ಲ ಗುರುತುಗಳು. ಬಿರುಕು ಒಳಗಡೆ ಇದ್ದರೆ ಎಣ್ಣೆ ಅದನ್ನು ಹೇಳುತ್ತದೆ. ಅಳತೆಕಡ್ಡಿ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅಲ್ಲಿಗೆ ನೀರು ಸೇರಿದೆ. ಗೇರ್‌ಪೆಟ್ಟಿಗೆಯ ಕೆಂಪು ದ್ರವ ತಿಳಿಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರ ಕೂಲರ್ ಸೋರುತ್ತಿದೆ. ಒಂದು ಎಚ್ಚರ: ನಿನ್ನೆಯಷ್ಟೇ ಎಣ್ಣೆ ಬದಲಿಸಿದ್ದೇನೆ ಎನ್ನುವ ಮಾತು ಒಳ್ಳೆಯದೂ ಇರಬಹುದು, ಸಾಕ್ಷಿ ಅಳಿಸಿದ್ದೂ ಇರಬಹುದು. ಎಂಜಿನ್ ಅರ್ಧ ಗಂಟೆ ಓಡಿದ ಮೇಲೆ ಮತ್ತೊಮ್ಮೆ ಕಡ್ಡಿ ಎಳೆದು ನೋಡಿದರೆ ಅನುಮಾನ ತೀರುತ್ತದೆ.

ನೀವು ತಲುಪಿದಾಗ ಎಂಜಿನ್ ತಣ್ಣಗಿರಬೇಕೆಂದು ಫೋನಿನಲ್ಲೇ ಹೇಳಿ. ಹೋದ ಕೂಡಲೇ ಮ್ಯಾನಿಫೋಲ್ಡನ್ನು ಮುಟ್ಟಿ. ಬೆಚ್ಚಗಿದ್ದರೆ ತಣ್ಣಗೆ ಸ್ಟಾರ್ಟ್ ಆಗದ ಕಾಯಿಲೆಯನ್ನು ಮರೆಮಾಡಲು ಮೊದಲೇ ಓಡಿಸಿಟ್ಟಿರುವ ಸಾಧ್ಯತೆ ಇದೆ. ಕಂಪ್ರೆಶನ್ ಪರೀಕ್ಷೆಗೆ ಮೆಕ್ಯಾನಿಕ್ ಕರೆದೊಯ್ಯಿರಿ. ಎಂಟೂ ಸಿಲಿಂಡರುಗಳ ಒತ್ತಡ ಎಷ್ಟಿದೆ ಎನ್ನುವುದಕ್ಕಿಂತ ಅವು ಒಂದಕ್ಕೊಂದು ಸಮೀಪ ಇವೆಯೇ ಎಂಬುದು ಮುಖ್ಯ. ಶೇ 10ರಿಂದ 15ರೊಳಗಿನ ವ್ಯತ್ಯಾಸ ಒಪ್ಪಬಹುದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬರಬೇಕು.

ಉಪ್ಪು, ಗಂಟೆ, ಅಡ್ಡದಾರಿಯ ರಿಪೇರಿ

ಈ ದೋಣಿ ಎಂದಾದರೂ ಸಮುದ್ರಕ್ಕೆ ಇಳಿದಿತ್ತೇ ಎಂಬುದು ಕೇಳಲೇಬೇಕಾದ ಮಾತು. ಸಿಹಿನೀರನ್ನು ನಂಬಿ ಮಾಡಿದ ಎಂಜಿನ್ನಿಗೆ ಉಪ್ಪುನೀರು ಒಳಗಿನಿಂದಲೇ ಕೊರೆತ ಹಚ್ಚುತ್ತದೆ. ಮೊದಲು ಸಾಯುವವು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು. ಅವು ತೂತಾದರೆ ನೀರು ಸಿಲಿಂಡರಿಗೇ ಹಿಂದಿರುಗುತ್ತದೆ. ಫ್ಲಾರಿಡಾದ ಕರಾವಳಿಯಿಂದ ಬಂದ ಅಗ್ಗದ ದೋಣಿಯಲ್ಲಿ ಸ್ಕ್ರೂಗಳ ತಲೆ, ವೈರಿನ ತುದಿ, ಸೀಟಿನ ಕೆಳಗಿನ ಬ್ರಾಕೆಟ್ಟುಗಳನ್ನು ನೋಡಿ. ಅಲ್ಲೆಲ್ಲ ಬಿಳಿ ಮತ್ತು ಹಸಿರು ಪುಡಿ ಕಟ್ಟಿದ್ದರೆ ಮಾಲೀಕನ ಉತ್ತರಕ್ಕೆ ಕಾಯಬೇಕಿಲ್ಲ.

ಕಾರಿಗೆ ಕಿಲೋಮೀಟರ್ ಇದ್ದಂತೆ ದೋಣಿಗೆ ಗಂಟೆ. ಡ್ಯಾಶ್‌ಬೋರ್ಡಿನ ಗಂಟೆಮಾಪಕ ನೋಡಿ ಬೆಲೆ ಕಟ್ಟುವವರು ಬಹಳ. ವರ್ಷಕ್ಕೆ ಐವತ್ತರಿಂದ ನೂರು ಗಂಟೆ ಓಡುವುದು ಸಾಮಾನ್ಯ. ಆರೈಕೆ ಕಂಡ ವಿ–8 ಸಾವಿರ ಗಂಟೆ ದಾಟಿಯೂ ಚೆನ್ನಾಗಿರುತ್ತದೆ. ಇಪ್ಪತ್ತೈದು ವರ್ಷದಲ್ಲಿ ಕೇವಲ ಇನ್ನೂರು ಗಂಟೆ ಓಡಿದ ದೋಣಿಗೆ ಮುಗಿಬೀಳುವುದು ಜಾಣತನವಲ್ಲ. ನಿಂತೇ ಇದ್ದ ದೋಣಿಯಲ್ಲಿ ಎಥನಾಲ್ ಬೆರೆತ ಪೆಟ್ರೋಲು ತೇವ ಹೀರಿ ಕಾರ್ಬುರೇಟರನ್ನು ಕಟ್ಟಿಸುತ್ತದೆ, ರಬ್ಬರಿನ ಕೊಳವೆ, ಸೀಲುಗಳು ಒಣಗಿ ಬಿರಿಯುತ್ತವೆ. ಮಾಪಕವೇ ಬದಲಾಗಿರಬಹುದು, ಕೆಟ್ಟು ನಿಂತಿರಬಹುದು. ಅದಕ್ಕಿಂತ ಹೆಚ್ಚು ನಂಬಬಹುದಾದ್ದು ರಸೀದಿಗಳ ಕಂತೆ. ಪ್ರತಿ ಶರತ್ಕಾಲ ನೀರು ಬಸಿಸಿದ ಬಿಲ್ಲು, ಪ್ರತಿ ವಸಂತ ಇಂಪೆಲರ್ ಬದಲಿಸಿದ ಬಿಲ್ಲು ವರ್ಷ ಬಿಡದೆ ಇದ್ದರೆ ಮಾಪಕ ಏನು ತೋರಿಸಿದರೂ ಚಿಂತೆಯಿಲ್ಲ.

ಇಂಪೆಲರ್ ಎಂದರೆ ನೀರೆಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ. ಬೆಲೆ ಅಲ್ಪ, ಆದರೆ ನೀರಿಲ್ಲದೆ ಒಣಗಿ ಓಡಿದರೆ ಒಂದೆರಡು ನಿಮಿಷದಲ್ಲೇ ಅದರ ರೆಕ್ಕೆಗಳು ಹರಿಯುತ್ತವೆ, ಹರಿದ ಚೂರು ಮುಂದೆ ಕೂಲರಿನಲ್ಲಿ ಸಿಕ್ಕಿ ದಾರಿ ಕಟ್ಟುತ್ತದೆ. ಮನೆಯಂಗಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುವವರು ತಳದ ತೂತಿಗೆ ತೋಟದ ನೀರಿನ ಕೊಳವೆ ಜೋಡಿಸಿಯೇ ತೋರಿಸಬೇಕು. ‘ಎರಡು ನಿಮಿಷಕ್ಕೇನಾಗುತ್ತೆ’ ಎಂದು ಹಾಗೇ ಸ್ಟಾರ್ಟ್ ಮಾಡುವ ಮಾಲೀಕ ಇಷ್ಟು ವರ್ಷ ದೋಣಿಯನ್ನು ಹೇಗೆ ನೋಡಿಕೊಂಡಿದ್ದಾನೆ ಎಂಬುದನ್ನು ಆ ಎರಡು ನಿಮಿಷದಲ್ಲೇ ತೋರಿಸಿಬಿಟ್ಟ.

ಜೀವಕ್ಕೇ ಸಂಬಂಧಿಸಿದ ಇನ್ನೊಂದು ತಪಾಸಣೆ ಇದೆ. ಎಂಜಿನ್ ಕಾರಿನದೇ ಆದರೂ ಅದರ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಕಾರಿನವಾಗಿರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದ ಬಿಲ್ಜಿನಲ್ಲಿ ಅದು ಸೇರಿಕೊಂಡು ಕೂರುತ್ತದೆ, ಕಾರಿನಲ್ಲಿ ಹಾಗೆ ಕೂರಲು ಜಾಗವಿಲ್ಲ. ದೋಣಿಗೆಂದು ಮಾಡಿದ ವಿದ್ಯುತ್ ಭಾಗಗಳು ಕಿಡಿ ಹೊರಬೀಳದಂತೆ ಮುಚ್ಚಿಕೊಂಡಿರುತ್ತವೆ. ನಾಲ್ಕು ಕಾಸು ಉಳಿಸಲು ಆಟೋ ಪಾರ್ಟ್ಸ್ ಅಂಗಡಿಯ ಆಲ್ಟರ್ನೇಟರ್ ಹಾಕಿದ್ದರೆ ಅದು ಉಳಿತಾಯವಲ್ಲ, ಸ್ಫೋಟಕ್ಕೆ ಹಾಸಿದ ಹಾದಿ. ಕಾರ್ಬುರೇಟರಿನ ಮೇಲೆ ಜ್ವಾಲೆ ತಡೆಯುವ ಲೋಹದ ಜಾಲರಿ ಇದೆಯೇ, ಬಿಲ್ಜಿನ ಗಾಳಿ ಹೊರದೂಡುವ ಬ್ಲೋವರ್ ತಿರುಗುತ್ತದೆಯೇ ನೋಡಿ. ಸ್ಟಾರ್ಟ್ ಮಾಡುವ ಮುನ್ನ 4 ನಿಮಿಷ ಬ್ಲೋವರ್ ಓಡಿಸಿ ಎಂಬ ಫಲಕ ಇಂಥ ದೋಣಿಗಳ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ. ಮಾಲೀಕ ಅದನ್ನು ಪಾಲಿಸುತ್ತಾನೋ ಇಲ್ಲವೋ ಗಮನಿಸಿ.

ನೀರಿಗಿಳಿಯದೆ ಮಾತಿಲ್ಲ

ನೆಲದ ಮೇಲಿರುವಾಗ ಪ್ರೊಪೆಲರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಸ್ಟ್ರಟ್ಟಿನೊಳಗಿನ ರಬ್ಬರ್ ಬೇರಿಂಗ್ ಸವೆದಿದೆ. ನಿಧಾನ ತಿರುಗಿಸುತ್ತ ಪ್ರತಿ ರೆಕ್ಕೆಯ ತುದಿಯಿಂದ ಒಡಲಿಗಿರುವ ದೂರ ಅಳೆದರೆ ಶಾಫ್ಟ್ ಬಾಗಿದೆಯೇ, ರೆಕ್ಕೆ ಮಡಚಿದೆಯೇ ತಿಳಿಯುತ್ತದೆ. ಎಂಜಿನ್ನಿನ ಗೇರ್‌ಪೆಟ್ಟಿಗೆಯೂ ಶಾಫ್ಟೂ ಕೂಡುವ ಜಾಗದಲ್ಲಿ ಇಂಚಿನ ಸಾವಿರದಲ್ಲಿ ಮೂರು ಭಾಗಕ್ಕಿಂತ ಹೆಚ್ಚು ಓರೆ ಇರಬಾರದು. ಇದನ್ನು ಮೆಕ್ಯಾನಿಕ್ ತೆಳು ಗೇಜಿನಿಂದ ಅಳೆಯಬೇಕು. ಪದೇ ಪದೇ ಹೊಂದಾಣಿಕೆ ತಪ್ಪುವ ದೋಣಿಯಲ್ಲಿ ಎಂಜಿನ್ ಹೊತ್ತ ಸ್ಟ್ರಿಂಗರೇ ಕುಸಿಯುತ್ತಿರಬಹುದು. ಮರದ ವಿಷಯ ಇಲ್ಲಿ ಮತ್ತೆ ತಲೆ ಎತ್ತುತ್ತದೆ.

ಇಷ್ಟಾದ ಮೇಲೆ ಸರೋವರ. ಸ್ಟಿಯರಿಂಗ್ ಎರಡೂ ಕಡೆ ಒಂದೇ ಹಗುರದಲ್ಲಿ ತಿರುಗಬೇಕು. ಬಿಗಿಯಿದ್ದರೆ ಒಳಗಿನ ಕೇಬಲ್ ಸಾಯುತ್ತಿದೆ. ಸ್ಕೀ ವೇಗದಲ್ಲಿ, ಅಂದರೆ ಐವತ್ತು ಐವತ್ತೈದು ಕಿಲೋಮೀಟರಿನಲ್ಲಿ, ಹತ್ತು ನಿಮಿಷ ಓಡಿಸಿ ತಾಪಮಾನದ ಮುಳ್ಳು ಏರದೆ ನಿಂತಿದೆಯೇ ನೋಡಿ. ಅಂಗಳದ ಕೊಳವೆ ನೀರಿನಲ್ಲಿ ತಣ್ಣಗಿದ್ದ ಎಂಜಿನ್ ಇಲ್ಲಿ ಕಾದರೆ ಪಂಪು ಸಾಲುತ್ತಿಲ್ಲ, ಅಥವಾ ಯಾವುದೋ ಹೋಸ್ ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ಪೂರ್ಣ ವೇಗದಲ್ಲಿ ಎಂಜಿನ್ ತನ್ನ ತಯಾರಕರು ಹೇಳಿದ ಸುತ್ತುಗಳನ್ನು ಮುಟ್ಟಬೇಕು. ನಂತರ ನಿಧಾನಗೊಳಿಸಿ, ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಎಣ್ಣೆಯ ಒತ್ತಡ ಎಷ್ಟಕ್ಕೆ ಇಳಿಯುತ್ತದೆ ನೋಡಿ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಒಬ್ಬರು ಹಗ್ಗ ಹಿಡಿದು ಸ್ಕೀ ಮಾಡಿದರೆ ಅಲೆ ಹೇಗಿದೆ ಎಂಬುದಕ್ಕೆ ಅದಕ್ಕಿಂತ ಖಚಿತ ಪರೀಕ್ಷೆಯಿಲ್ಲ.

ಸ್ಪರ್ಧೆಯ ಆಸೆಯಿದ್ದರೆ ವೇಗ ನಿಯಂತ್ರಕವನ್ನೂ ಗಮನಿಸಿ. ಟೂರ್ನಿಗಳಲ್ಲಿ ಈಗ ಬಳಸುವ ಝೀರೋ ಆಫ್ ಜಿಪಿಎಸ್ ಆಧರಿತ, ಅದಕ್ಕೆ ವಿದ್ಯುನ್ಮಾನ ಥ್ರಾಟಲ್ ಇರುವ ಎಂಜಿನ್ ಬೇಕು. ಕೇಬಲ್ ಥ್ರಾಟಲಿನ ಹಳೆಯ ದೋಣಿಗೆ ಪರ್ಫೆಕ್ಟ್‌ಪಾಸ್‌ನಂಥ ಸಾಧನವನ್ನು ನಂತರವೂ ಜೋಡಿಸಬಹುದು. ಮನೆಮಂದಿಯ ಆಟಕ್ಕೆ ಅದು ಧಾರಾಳ ಸಾಕು.

ದಡಕ್ಕೆ ಮರಳಿದ ಮೇಲೆ ಬಹಳ ಮಂದಿ ಕೈಕುಲುಕಲು ಮುಂದಾಗುತ್ತಾರೆ. ಅದಕ್ಕೂ ಮೊದಲು ದೋಣಿಯ ತಳದ ಬಿರಡೆ ತೆಗೆಸಿ. ಶಾಫ್ಟ್ ಹೊರಹೋಗುವ ಜಾಗದಲ್ಲಿ ಹಳೆಯ ಮಾದರಿಯ ಪ್ಯಾಕಿಂಗ್ ಇದ್ದರೆ ಹನಿಹನಿ ಸೋರುವುದು ಸಹಜ, ಅದು ಇರಲೇಬೇಕು. ಆದರೆ ಅರ್ಧ ಗಂಟೆಯ ಓಟಕ್ಕೆ ಬಕೆಟ್ಟುಗಟ್ಟಲೆ ನೀರು ಹರಿದು ಬಂದರೆ ಅದು ಎಲ್ಲಿಂದ ಒಳಬಂತೆಂದು ಅಲ್ಲೇ ಹುಡುಕಬೇಕು. ಬಂದ ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಕಂಡರೆ, ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ.

ಶರತ್ಕಾಲದ ಸಂತೆಯ ತೊಡಕು ಇಲ್ಲೇ. ನೀರು ಬಸಿದು ಮುಗಿಸಿದ್ದೇವೆ, ಸರೋವರದ ಪರೀಕ್ಷೆ ಸಾಧ್ಯವಿಲ್ಲ ಎನ್ನುತ್ತಾರೆ ಮಾರುವವರು. ಮಾತು ಸುಳ್ಳಲ್ಲ. ಹಾಗಿದ್ದರೆ ಕಂಪ್ರೆಶನ್ ಪರೀಕ್ಷೆ, ತೂಕ, ತಟ್ಟಿ ನೋಡುವುದು ಇಷ್ಟನ್ನು ಈಗ ಮಾಡಿ, ಹಣದ ಒಂದು ಭಾಗವನ್ನು ವಸಂತದ ಓಟದ ಪರೀಕ್ಷೆಯ ನಂತರ ಕೊಡುವಂತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ದೊಡ್ಡ ಮೊತ್ತದ ದೋಣಿಯಾದರೆ ಸ್ವತಂತ್ರ ಮರೀನ್ ಸರ್ವೇಯರ್ ಒಬ್ಬರನ್ನು ನೇಮಿಸುವುದೇ ಮೇಲು. ಸ್ಯಾಮ್ಸ್, ನ್ಯಾಮ್ಸ್ ಎಂಬ ಎರಡು ವೃತ್ತಿಸಂಘಗಳು ಇಂಥ ಪರಿಣತರಿಗೆ ಮಾನ್ಯತೆ ಕೊಡುತ್ತವೆ.

ಕಾಗದ, ಚಕ್ರ, ಕಪ್ಪೆಚಿಪ್ಪು

ದೋಣಿಯ ಹಿಂಗೋಡೆಯ ಬಲ ಮೇಲ್ಮೂಲೆಯಲ್ಲಿ 12 ಅಕ್ಷರಗಳ ಒಡಲು ಸಂಖ್ಯೆ ಇರುತ್ತದೆ. 1972ರ ನವೆಂಬರ್ ನಂತರ ಅಮೆರಿಕದಲ್ಲಿ ತಯಾರಾದ ದೋಣಿಗಳಿಗೆ ಇದು ಕಡ್ಡಾಯ. ಮೊದಲ ಮೂರು ಅಕ್ಷರ ತಯಾರಕರ ಗುರುತು. 1984ರ ಆಗಸ್ಟ್ ನಂತರದ ದೋಣಿಗಳಲ್ಲಿ ಕೊನೆಯ ಎರಡು ಅಂಕಿ ಮಾದರಿ ವರ್ಷ. ಆ ದೋಣಿಗಳಲ್ಲಿ ಅದೇ ಸಂಖ್ಯೆಯನ್ನು ಮರೆಯ ಜಾಗವೊಂದರಲ್ಲೂ ಹಾಕಿರುತ್ತಾರೆ. ಈ ಸಂಖ್ಯೆ ಮಾಲೀಕತ್ವದ ಪತ್ರದೊಂದಿಗೆ ಅಕ್ಷರ ತಪ್ಪದೆ ಕೂಡಬೇಕು. ಬ್ಯಾಂಕಿನ ಸಾಲ ತೀರಿದೆಯೇ ಎಂಬುದಕ್ಕೂ ಕಾಗದ ಕೇಳಿ. ಟ್ರೇಲರಿಗೆ ಬೇರೆಯೇ ನೋಂದಣಿ ಇರುತ್ತದೆ ಎಂಬುದು ಎಷ್ಟೋ ಜನರಿಗೆ ದುಡ್ಡು ಕೊಟ್ಟ ಮೇಲೆ ನೆನಪಾಗುತ್ತದೆ.

ಟ್ರೇಲರಿನ ಟಯರಿನ ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. ಗುಂಡಿಗಳು ಸವೆಯದಿದ್ದರೂ ಐದಾರು ವರ್ಷ ದಾಟಿದ ಟಯರನ್ನು ನಂಬಿ ಹೆದ್ದಾರಿಗಿಳಿಯಬೇಡಿ. ಚಕ್ರದ ಬೇರಿಂಗು, ಬ್ರೇಕು, ದೀಪಗಳು ಪ್ರತಿಬಾರಿ ನೀರಿನಲ್ಲಿ ಮುಳುಗಿ ಎದ್ದವು. ಮನೆಗೆ ತರುವ ದಾರಿಯಲ್ಲೇ ಕೈಕೊಡುವುದು ಇವೇ ಹೆಚ್ಚು.

ಬೇರೆ ರಾಜ್ಯದಿಂದ ತರುವುದಾದರೆ ಕಾನೂನೂ ನೀರಿನ ಜಾಡನ್ನೇ ಹಿಡಿದು ಬರುತ್ತದೆ. ಹಡಗುಗಳ ತೂಕನೀರಿನಲ್ಲಿ ಬಂದು, 1988ರಲ್ಲಿ ಮಿಷಿಗನ್ ಗಡಿಯ ಲೇಕ್ ಸೇಂಟ್ ಕ್ಲೇರ್‌ನಲ್ಲಿ ಪತ್ತೆಯಾದ ಜೀಬ್ರಾ ಕಪ್ಪೆಚಿಪ್ಪು ಒಂದಾದ ಮೇಲೊಂದು ಸರೋವರಕ್ಕೆ ಹರಡಿದೆ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಹನಿ ನೀರಿನಲ್ಲೂ ಪಯಣಿಸುತ್ತವೆ. ಅದಕ್ಕೇ ಮಿನ್ನೆಸೋಟದಲ್ಲಿ ದೋಣಿಯನ್ನು ರಸ್ತೆಯ ಮೇಲೆ ಸಾಗಿಸುವಾಗ ತಳದ ಬಿರಡೆ ತೆಗೆದಿರಬೇಕೆಂಬ ನಿಯಮವಿದೆ. ಕೊಂಡ ದೋಣಿಯನ್ನು ತೊಳೆದು, ಬಸಿದು, ಪೂರ್ತಿ ಒಣಗಿಸಿಯೇ ನಿಮ್ಮ ಸರೋವರಕ್ಕೆ ಇಳಿಸಿ.

ಯಾವುದಕ್ಕೆ ಚೌಕಾಸಿ, ಯಾವುದಕ್ಕೆ ನಮಸ್ಕಾರ

ಇಷ್ಟೆಲ್ಲ ನೋಡಿದ ಮೇಲೆ ದೋಷವಿಲ್ಲದ ದೋಣಿ ಒಂದೂ ಸಿಗುವುದಿಲ್ಲ. ಸಿಗಬೇಕೆಂದೂ ಇಲ್ಲ. ಹರಿದ ಸೀಟು, ಬಣ್ಣ ಮಾಸಿದ ಜೆಲ್‌ಕೋಟ್, ಹಳೆಯ ಕಾರ್ಪೆಟ್, ಸವೆದ ಸ್ಟ್ರಟ್ ಬೇರಿಂಗ್, ಸಣ್ಣಗೆ ಮಡಚಿದ ಪ್ರೊಪೆಲರ್, ಬಿಗಿಯಾದ ಸ್ಟಿಯರಿಂಗ್ ಕೇಬಲ್ ಇವೆಲ್ಲ ಖರ್ಚಿನ ಬಾಬುಗಳು. ಸೀಟುಗಳನ್ನು ಪೂರ್ತಿ ಹೊಸದಾಗಿ ಹೊಲಿಸಲು ಸಾವಿರಾರು ಡಾಲರ್ ಬೇಕಾಗುತ್ತದೆ ನಿಜ, ಆದರೆ ಮೊದಲೇ ಗೊತ್ತಿರುವ ಖರ್ಚು ಅದು. ಒಂದೊಂದಕ್ಕೂ ಅಂದಾಜು ಪಡೆದು ಬೆಲೆಯಲ್ಲಿ ಕಳೆಯಿರಿ. ಹೊಳಪಿಲ್ಲದೆ ಗಟ್ಟಿಯಾಗಿರುವ ದೋಣಿಗೆ ಗಿರಾಕಿಗಳು ಕಡಿಮೆ, ಹಾಗಾಗಿ ಅಲ್ಲೇ ಒಳ್ಳೆಯ ವ್ಯಾಪಾರ ಕುದುರುವುದು.

ಬಿರಿದ ಬ್ಲಾಕು, ಕೊಳೆತ ಸ್ಟ್ರಿಂಗರು, ನೀರು ಕುಡಿದ ಫೋಮು, ಕೂಡದ ಒಡಲು ಸಂಖ್ಯೆ ಈ ನಾಲ್ಕಕ್ಕೆ ಚೌಕಾಸಿ ಬೇಡ. ಅರ್ಧ ಬೆಲೆಗೆ ಕೊಟ್ಟರೂ ಬೇಡ. ಸ್ವತಃ ಎಂಜಿನ್ ಎತ್ತಿ, ಫೈಬರ್‌ಗ್ಲಾಸ್ ಹಚ್ಚಿ, ಎರಡು ಚಳಿಗಾಲ ಗ್ಯಾರೇಜಿನಲ್ಲಿ ಕಳೆಯುವ ಹವ್ಯಾಸವಿದ್ದವರಿಗೆ ಅದು ಬೇರೆ ಸುಖ. ಮಕ್ಕಳನ್ನು ಮುಂದಿನ ಬೇಸಿಗೆಯಲ್ಲಿ ನೀರಿನ ಮೇಲೆ ನಿಲ್ಲಿಸಬೇಕೆಂದು ಹೊರಟವರು ಮಾಲೀಕನಿಗೆ ವಂದಿಸಿ ಮುಂದಿನ ಅಂಗಳಕ್ಕೆ ಹೋಗುವುದು ಒಳ್ಳೆಯದು.

ಕೊಂಡವರೂ ಕೈಯಲ್ಲಿದ್ದದ್ದನ್ನೆಲ್ಲ ದೋಣಿಗೇ ಸುರಿಯಬಾರದು. ಕೊಟ್ಟ ಬೆಲೆಯ ಹತ್ತರಲ್ಲೊಂದು ಭಾಗವನ್ನಾದರೂ ಮೊದಲ ವರ್ಷಕ್ಕೆಂದು ಬೇರೆ ಇಡಿ. ಇಂಪೆಲರು, ಹೋಸುಗಳು, ಎಣ್ಣೆಗಳು, ಟ್ರೇಲರಿನ ಬೇರಿಂಗು ಇವನ್ನು ಹಿಂದಿನವರು ಬದಲಿಸಿದ್ದೇವೆ ಎಂದರೂ ಒಮ್ಮೆ ನೀವೇ ಬದಲಿಸಿ, ತಾರೀಖು ಬರೆದಿಟ್ಟುಕೊಳ್ಳಿ. ಮೊದಲ ಅಕ್ಟೋಬರಿನಲ್ಲಿ ನೀರು ಬಸಿಸಿದ ರಸೀದಿಯನ್ನೂ ಅದರ ಜೊತೆಗೆ ಸೇರಿಸಿ. ಹತ್ತು ವರ್ಷದ ನಂತರ ಈ ದೋಣಿ ನಿಮ್ಮ ಅಂಗಳದಲ್ಲಿ ಮಾರಾಟಕ್ಕೆ ನಿಂತಾಗ ನೋಡಲು ಬಂದವರು ಮೊದಲು ಕೇಳುವುದು ಆ ಕಂತೆಯನ್ನೇ. ತಿಳಿದವರಾಗಿದ್ದರೆ ಬೆಲೆ ಕಟ್ಟುವುದೂ ಅದನ್ನು ನೋಡಿಯೇ.